ಮನೆಯ ನೆನಪಿಗೆ ಹಳೆಯ ಕಾವ್ಯವನ್ನು ಹೆಣೆಯುವುದು ಹೇಗೆ: ಆತ್ಮಕಥನ ಬರೆಯುವವರಿಗೊಂದು ಸಮಗ್ರ ಮಾರ್ಗದರ್ಶಿ

ಮಹಾಭಾರತವನ್ನು ಕೂತು ಕೇಳುವವನು ಜನಮೇಜಯ. ಅವನು ಅರ್ಜುನನ ಮರಿಮಗ, ಕೇಳುತ್ತಿರುವುದು ತನ್ನದೇ ಮುತ್ತಜ್ಜಂದಿರ ಜಗಳ. ಹೇಳುವವನು ವೈಶಂಪಾಯನ. ಅವನಿಗೆ ಈ ಕಥೆ ಕಲಿಸಿದ ವ್ಯಾಸ, ಧೃತರಾಷ್ಟ್ರ, ಪಾಂಡು, ವಿದುರ ಮೂವರಿಗೂ ಜನ್ಮ ಕೊಟ್ಟವನು. ಅಂದಮೇಲೆ ಇದು ಮನೆಯವರೇ ಕಟ್ಟಿ, ಮನೆಯವರೇ ಕೇಳಿದ ಮನೆತನದ ಕಥೆ. ನಡುನಡುವೆ ಜನಮೇಜಯ ಕೇಳುವ ಪ್ರಶ್ನೆಗಳೂ ಮನೆಮಂದಿಯ ಪ್ರಶ್ನೆಗಳೇ. ಅವರು ಯಾಕೆ ಹಾಗೆ ಮಾಡಿದರು? ಆಗ ಉಳಿದವರು ಏನು ಮಾಡುತ್ತಿದ್ದರು?

ಮನೆಯ ನೆನಪನ್ನೂ ಹಳೆಯ ಕಾವ್ಯವನ್ನೂ ಒಂದೇ ಬರಹದಲ್ಲಿ ನೇಯಹೊರಟವರು ಈ ಎರಡನೇ ಪ್ರಶ್ನೆಯನ್ನು ಕೈಬಿಡಬಾರದು. ಅಪ್ಪನಿಗೂ ದಶರಥನಿಗೂ, ಅಕ್ಕನಿಗೂ ಶಕುಂತಲೆಗೂ ಎಲ್ಲಿ ಹೋಲಿಕೆ ಇದೆ ಎಂದು ತೋರಿಸುವುದು ಕಷ್ಟವಲ್ಲ, ಅಷ್ಟಕ್ಕೆ ಓದುಗರು ನಿಲ್ಲುವುದೂ ಇಲ್ಲ. ಬರಹ ಶುರುವಾಗುವುದು ಹೋಲಿಕೆ ಕೈಕೊಡುವ ಜಾಗದಲ್ಲಿ. ಕಾವ್ಯದಲ್ಲಿ ಆದದ್ದು ನಿಮ್ಮ ಮನೆಯಲ್ಲಿ ಆಗಲಿಲ್ಲ, ಯಾಕೆ? ಮುಂದಿನ ಹಂತಗಳೆಲ್ಲ ಆ ಜಾಗವನ್ನು ಹುಡುಕಿ ಅಲ್ಲಿ ನಿಂತು ಬರೆಯುವುದಕ್ಕೆ ಬೇಕಾದ ತಯಾರಿ.

ಮೊದಲ ಪ್ರಯತ್ನಕ್ಕೆ ಪುಸ್ತಕ ಬೇಡ. 4,000 ಪದಗಳ ಒಂದು ಪ್ರಬಂಧ ಸಾಕು. ಅದಕ್ಕೇ ನಾಲ್ಕು ತಿಂಗಳು ಇಟ್ಟುಕೊಳ್ಳಿ: ಓದಿಗೆ ಒಂದು ತಿಂಗಳು, ಮಾತುಕತೆಗಳಿಗೆ ಒಂದೂವರೆ ತಿಂಗಳು, ಬರೆಯಲು ಒಂದು ತಿಂಗಳು, ತಿದ್ದಲು ಉಳಿದ ದಿನಗಳು.

ಹಂತ 1: ಕಾವ್ಯವನ್ನು ಆರಿಸುವುದು

ದೊಡ್ಡ ಕೃತಿ ಯಾವುದು ಎಂದು ಯೋಚಿಸಬೇಡಿ. ಮನೆಯೊಳಗೆ ಆಗಲೇ ಬಂದು ಕೂತಿರುವ ಕೃತಿ ಯಾವುದೆಂದು ನೋಡಿ. ಯಾರಾದರೂ ಗುನುಗುತ್ತಿದ್ದ ಷಟ್ಪದಿ, ಮಕ್ಕಳಿಗೆ ಹೇಳುತ್ತಿದ್ದ ಒಂದೇ ಪ್ರಸಂಗ, ಬೈಯುವಾಗ ಬಳಸುತ್ತಿದ್ದ ಪಾತ್ರದ ಹೆಸರು, ಅಂಚಿನಲ್ಲಿ ಪೆನ್ಸಿಲ್ ಗುರುತುಗಳಿರುವ ಹಳೆಯ ಪ್ರತಿ, ಇಂಥದ್ದೇನಾದರೂ ಇದ್ದರೆ ಆಯ್ಕೆ ಮುಗಿದಂತೆ. ಏನೂ ಇಲ್ಲದಿದ್ದರೆ ನಿಮ್ಮನ್ನು ಕಾಡಿದ ಕೃತಿಯನ್ನೇ ತೆಗೆದುಕೊಳ್ಳಬಹುದು. ಆದರೆ ಆಗ ಮನೆಯವರಿಗೆ ಗೊತ್ತಿಲ್ಲದ ಕಾವ್ಯವನ್ನು ಅವರ ಮೇಲೆ ಹೊದಿಸುತ್ತಿದ್ದೀರಿ ಎಂಬುದನ್ನು ಬರಹದಲ್ಲೇ ಒಪ್ಪಿಕೊಳ್ಳಬೇಕಾಗುತ್ತದೆ.

ಒಂದು ಬರಹಕ್ಕೆ ಒಂದೇ ಕೃತಿ. ಪಂಪ, ಕಾಳಿದಾಸ, ಹೋಮರ್ ಮೂವರನ್ನೂ ಕರೆತಂದರೆ ಓದುಗರಿಗೆ ನೆನಪುಳಿಯುವುದು ನಿಮ್ಮ ಓದು, ನಿಮ್ಮ ಅಜ್ಜಿಯಲ್ಲ. ಆ ಒಂದು ಕೃತಿಯಲ್ಲೂ ಒಂದು ಸನ್ನಿವೇಶವೇ ಇರಲಿ: ಷಟ್ಪದಿಯಾದರೆ 10ರಿಂದ 20 ಪದ್ಯ, ನಾಟಕವಾದರೆ ಒಂದು ಅಂಕದ ಒಂದು ಭಾಗ. ಕೃತಿಯ ಉಳಿದ ಭಾಗ ನಿಮಗೆ ಚೆನ್ನಾಗಿ ಗೊತ್ತಿರಬೇಕು, ಬರಹದೊಳಗೆ ಬರಬೇಕಿಲ್ಲ.

ಯಾವ ಕೃತಿ ಎಂಥ ನೆನಪಿಗೆ ಒದಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅನುಕೂಲ. ಮುಚ್ಚಿಟ್ಟ ಸಂಗತಿ ತಡವಾಗಿ ಹೊರಬಂದ ಮನೆಗೆ ಮಹಾಭಾರತದ ಸ್ತ್ರೀಪರ್ವದ ಕೊನೆ ಇದೆ. ಯುದ್ಧ ಮುಗಿದು ಸತ್ತವರಿಗೆ ಜಲತರ್ಪಣ ಕೊಡುವಾಗ, ಕರ್ಣ ನಿಮ್ಮ ಅಣ್ಣ ಎಂದು ಕುಂತಿ ಪಾಂಡವರಿಗೆ ಹೇಳುತ್ತಾಳೆ. ಒಬ್ಬರ ಸಾವಿನ ನಂತರ ಹಿಂತಿರುಗಿ ನೋಡುವುದಕ್ಕೆ ರನ್ನನ ಗದಾಯುದ್ಧ. ವರ್ಷಗಟ್ಟಲೆ ದೂರವಿದ್ದು ಮರಳಿದವರಿಗೆ ಹೋಮರನ ಗ್ರೀಕ್ ಮಹಾಕಾವ್ಯ ಒಡಿಸ್ಸಿ. ತಂದೆ ಮಗನನ್ನು ತಿರಸ್ಕರಿಸಿ ಇಬ್ಬರೂ ಹೊಡೆದಾಡಿದ ಮನೆಗೆ ಲಕ್ಷ್ಮೀಶನ ಜೈಮಿನಿ ಭಾರತದ ಬಭ್ರುವಾಹನ. ಫೋಟೋ ಆಲ್ಬಮ್ ಹಿಡಿದು ಕೂತವರಿಗೆ ಭವಭೂತಿಯ ಸಂಸ್ಕೃತ ನಾಟಕ ಉತ್ತರರಾಮಚರಿತದ ಮೊದಲನೇ ಅಂಕವನ್ನು ಮೀರಿಸುವಂಥದ್ದು ಸಿಗುವುದು ಕಷ್ಟ. ಈ ಮಾರ್ಗದರ್ಶಿಯ ಉದಾಹರಣೆಗೂ ಅದನ್ನೇ ತೆಗೆದುಕೊಂಡಿದೆ.

ಹಂತ 2: ಸನ್ನಿವೇಶವನ್ನು ಮೂರು ಸಲ ಓದುವುದು

ಮೊದಲ ಓದು ಅರ್ಥಕ್ಕೆ. ಗದ್ಯಾನುವಾದ ಪಕ್ಕದಲ್ಲಿಟ್ಟುಕೊಳ್ಳಿ, ಹಳಗನ್ನಡವಾದರೆ ನಿಘಂಟೂ ಇರಲಿ. ಎರಡನೇ ಓದು ಗಟ್ಟಿಯಾಗಿ, ಮೂಲವನ್ನೇ. ಮೂರನೇ ಓದಿನಲ್ಲಿ ಕೈಯಲ್ಲಿ ಪೆನ್ನಿರಲಿ: ಯಾರು ಎಲ್ಲಿ ನಿಂತಿದ್ದಾರೆ, ಯಾರು ಏನನ್ನು ಮುಟ್ಟುತ್ತಾರೆ, ಯಾರು ಮಾತು ತಪ್ಪಿಸುತ್ತಾರೆ, ಯಾರು ಇದ್ದೂ ಮಾತಾಡುವುದಿಲ್ಲ ಎಂದು ಸಾಲಾಗಿ ಬರೆದುಕೊಳ್ಳಿ. ಭಾವವನ್ನು ಬರೆಯಬೇಡಿ, ಕ್ರಿಯೆಯನ್ನು ಬರೆಯಿರಿ. ಮುಂದೆ ಮನೆಯ ನೆನಪಿಗೆ ತಾಗುವುದು ಈ ಕ್ರಿಯೆಗಳೇ.

ಉತ್ತರರಾಮಚರಿತದ ಆ ದೃಶ್ಯದಲ್ಲಿ ರಾಮ, ತುಂಬು ಗರ್ಭಿಣಿ ಸೀತೆ, ಲಕ್ಷ್ಮಣ ಮೂವರೂ ತಮ್ಮದೇ ಬದುಕಿನ ಚಿತ್ರಗಳನ್ನು ನೋಡುತ್ತಿದ್ದಾರೆ. ಮೂರನೇ ಓದಿನಲ್ಲಿ ಪಟ್ಟಿ ಮಾಡಿದರೆ ಏನೇನು ಸಿಗುತ್ತದೆ ನೋಡಿ. ಮದುವೆಯ ಚಿತ್ರದಲ್ಲಿ ಒಬ್ಬಳನ್ನು ತೋರಿಸಿ ಸೀತೆ, ಇವಳು ಯಾರು ಎಂದು ಕೇಳುತ್ತಾಳೆ. ಅದು ಊರ್ಮಿಳೆ. ಲಕ್ಷ್ಮಣ ನಾಚಿ ಮಾತು ಬೇರೆಡೆ ತಿರುಗಿಸುತ್ತಾನೆ. ಮುಂದೆ ಮಂಥರೆಯ ಚಿತ್ರ ಬರುತ್ತದೆ. ರಾಮ ಅದರ ಬಗ್ಗೆ ಏನೂ ಹೇಳದೆ, ಅವಸರದಲ್ಲಿ ಸೀತೆಗೆ ಬೇರೊಂದು ಚಿತ್ರ ತೋರಿಸುತ್ತಾನೆ. ಕೈಕೇಯಿಯ ಪ್ರಸಂಗವನ್ನು ಅಣ್ಣ ದಾಟಿಬಿಟ್ಟ ಎಂದು ಲಕ್ಷ್ಮಣ ಮನಸ್ಸಿನಲ್ಲೇ ಗುರುತಿಸುತ್ತಾನೆ. ನೋಡಿ ಮುಗಿಸಿದ ಸೀತೆಗೆ ಮತ್ತೆ ಕಾಡನ್ನು ಕಾಣುವ ಆಸೆ ಹುಟ್ಟುತ್ತದೆ. ಆಮೇಲೆ ಅವಳನ್ನು ಕಾಡಿಗೆ ಬಿಡುವುದಕ್ಕೆ ಆ ಆಸೆಯೇ ನೆಪವಾಗುತ್ತದೆ. ಹಳೆಯ ಚಿತ್ರ ನೋಡುವುದು ಇಲ್ಲಿ ಹೊತ್ತು ಕಳೆಯುವ ಕೆಲಸವಲ್ಲ, ಮುಂದಿನ ದುರಂತ ಅದರೊಳಗಿಂದಲೇ ಹೊರಡುತ್ತದೆ. "ರಾಮನಿಗೆ ದುಃಖವಾಯಿತು" ಎಂದಷ್ಟೇ ಬರೆದುಕೊಂಡಿದ್ದರೆ ಇದರಲ್ಲಿ ಯಾವುದೂ ಕೈಗೆ ಸಿಗುತ್ತಿರಲಿಲ್ಲ.

ಇದೇ ಹಂತದಲ್ಲಿ ಪಾಠಗಳನ್ನೂ, ಅಂದರೆ ಕಥೆಯ ಬೇರೆ ಬೇರೆ ರೂಪಗಳನ್ನೂ, ನೋಡಿಕೊಳ್ಳಿ. ಒಂದೇ ಕಥೆ ಕವಿಯಿಂದ ಕವಿಗೆ ಬದಲಾಗುತ್ತದೆ. ಕಾಳಿದಾಸನ ಶಾಕುಂತಲದಲ್ಲಿ ದುರ್ವಾಸನ ಶಾಪವಿದೆ, ಉಂಗುರವಿದೆ. ಮಹಾಭಾರತದ ದುಷ್ಯಂತನಿಗೆ ಶಾಪವೂ ಇಲ್ಲ, ಮರೆವೂ ಇಲ್ಲ. ನೆನಪಿದ್ದೇ ಅವನು ಇಲ್ಲವೆನ್ನುತ್ತಾನೆ. ಮನೆಯ ಯಾರೋ ಒಬ್ಬರು "ಮರೆತರು" ಎಂದು ನೀವು ಬರೆಯಹೊರಟಿದ್ದರೆ ಯಾವ ದುಷ್ಯಂತನನ್ನು ಕರೆಯುತ್ತಿದ್ದೀರಿ ಎಂಬುದರ ಮೇಲೆ ಇಡೀ ಬರಹದ ನ್ಯಾಯ ನಿಂತಿರುತ್ತದೆ.

ಮನೆಯಲ್ಲಿ ಬಾಯಿಪಾಠವಾಗಿ ಬಂದ ಪದ್ಯ ಅಚ್ಚಿನ ಪಾಠದಂತೆ ಇರದಿರಬಹುದು. ಅದನ್ನು ತಿದ್ದಬೇಡಿ, ಎರಡನ್ನೂ ಬರೆದಿಟ್ಟುಕೊಂಡು ಮಾತ್ರೆ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ಎಣಿಸಿ. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಪದ ಬದಲಾಗಿಯೂ ಮಾತ್ರೆ ಸರಿಯಿದ್ದರೆ, ಹಾಡಿನ ಓಟದಲ್ಲಿ ಒಂದು ಪದ ಇನ್ನೊಂದರ ಜಾಗಕ್ಕೆ ಬಂದಿರಬಹುದು. ಮಾತ್ರೆ ಕೆಟ್ಟಿದ್ದರೆ ಏನೋ ಬಿದ್ದುಹೋಗಿದೆ. ಬಿದ್ದದ್ದು ಯಾವ ಪದ ಎಂಬುದು ಎಷ್ಟೋ ಸಲ ಇಡೀ ಪ್ರಬಂಧದ ಕೀಲಿಯಾಗುತ್ತದೆ.

ಹಂತ 3: ಮನೆಯ ನೆನಪನ್ನು ಕಲೆಹಾಕುವುದು

ಇಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಮೊದಲ ಎರಡು ಮಾತುಕತೆಗಳಲ್ಲಿ ಕಾವ್ಯದ ಹೆಸರು ಎತ್ತಬೇಡಿ. ನೀವು ಸೀತೆ ಎಂದ ಕೂಡಲೇ ಹೇಳುವವರ ನೆನಪು ಸೀತೆಯ ಕಥೆಯ ಅಚ್ಚಿಗೆ ಬಾಗತೊಡಗುತ್ತದೆ, ಕಾಡು ಬರುತ್ತದೆ, ನಿಂದೆ ಬರುತ್ತದೆ, ಸಹನೆ ಬರುತ್ತದೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ನೆನಪು ಕೆಲಸ ಮಾಡುವುದೇ ಹಾಗೆ. ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ತಮ್ಮ 1932ರ ಪುಸ್ತಕದಲ್ಲಿ ತೋರಿಸಿದ್ದೂ ಇದನ್ನೇ: ಅಪರಿಚಿತ ಕಥೆಯೊಂದನ್ನು ಮತ್ತೆ ಮತ್ತೆ ನೆನಪಿಸಿಕೊಂಡು ಹೇಳುವಾಗ ಜನ ಅದನ್ನು ತಮಗೆ ಗೊತ್ತಿರುವ ಆಕಾರಕ್ಕೆ ತಿರುಗಿಸಿಕೊಳ್ಳುತ್ತಾರೆ, ಹೊಂದದ ವಿವರಗಳು ಉದುರಿಹೋಗುತ್ತವೆ. ನಮಗೆ ಬೇಕಾಗಿರುವುದೇ ಆ ಹೊಂದದ ವಿವರಗಳು.

ಒಬ್ಬೊಬ್ಬರೊಡನೆ ಮೂರು ಮಾತುಕತೆ ಇಟ್ಟುಕೊಳ್ಳಿ, ಒಂದೊಂದು 45 ನಿಮಿಷ. ವಯಸ್ಸಾದವರಾದರೆ 30 ನಿಮಿಷಕ್ಕೇ ನಿಲ್ಲಿಸಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮೂರು ವಾರವಾದರೂ ಕಳೆದಿರಲಿ, ಎರಡನೇ ಸಲ ಮೊದಲಿನ ಪ್ರಶ್ನೆಗಳಲ್ಲಿ ಐದನ್ನು ಅದೇ ಮಾತಿನಲ್ಲಿ ಕೇಳಿ. ಎರಡು ಸಲವೂ ಒಂದೇ ವಾಕ್ಯದಲ್ಲಿ ಬಂದ ಉತ್ತರ ಹಲವು ಸಲ ಹೇಳಿ ಹೇಳಿ ಗಟ್ಟಿಯಾದದ್ದು. ಅದು ಮನೆಯ ಅಧಿಕೃತ ಪಾಠ. ಎರಡನೇ ಸಲ ಬದಲಾದ ಉತ್ತರ ಇನ್ನೂ ಮೆತ್ತಗಿದೆ, ಅಲ್ಲಿ ಅಗೆಯಬಹುದು. ಕಾವ್ಯವನ್ನು ಮುಂದಿಡಬೇಕಾದ್ದು ಮೂರನೇ ಮಾತುಕತೆಯಲ್ಲಿ. ಸನ್ನಿವೇಶವನ್ನು ಓದಿ ಹೇಳಿ, ಸುಮ್ಮನಿರಿ.

ಪ್ರಶ್ನೆ ವಸ್ತುವಿನ ಮೇಲಿರಲಿ, ಭಾವದ ಮೇಲಲ್ಲ. "ಆಗ ನಿಮಗೆ ಏನನ್ನಿಸಿತು?" ಎಂದರೆ ಈಗ ಅನ್ನಿಸುವುದನ್ನು ಹೇಳುತ್ತಾರೆ. "ಬಾಗಿಲು ಯಾರು ತೆಗೆದರು? ಕೈಯಲ್ಲಿ ಏನಿತ್ತು? ಎಷ್ಟು ಜನ ಇದ್ದರು?" ಎಂದು ಕೇಳಿ. ಎಣಿಕೆಗಳಿಗೆ ಎಷ್ಟು ಬಲವಿದೆ ಎಂಬುದಕ್ಕೆ ಒಡಿಸ್ಸಿಯ 24ನೇ ಭಾಗವೇ ಸಾಕ್ಷಿ. 20 ವರ್ಷಗಳ ಮೇಲೆ ಮರಳಿದ ಮಗನನ್ನು ಮುದುಕ ಲೇರ್ಟಿಸ್ ಸುಲಭದಲ್ಲಿ ನಂಬುವುದಿಲ್ಲ. ಒಡಿಸ್ಸಿಯಸ್ ಕಾಲಿನ ಗಾಯದ ಗುರುತು ತೋರಿಸುತ್ತಾನೆ. ಆಮೇಲೆ, ತಾನು ಚಿಕ್ಕವನಿದ್ದಾಗ ಅಪ್ಪ ತೋಟದಲ್ಲಿ ಓಡಾಡಿಸಿ ತನಗೆಂದು ಕೊಟ್ಟ ಗಿಡಗಳ ಲೆಕ್ಕ ಒಪ್ಪಿಸುತ್ತಾನೆ: 13 ಪೇರ್ ಮರ, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ. ಮುದುಕನ ಮೊಣಕಾಲು ಕುಸಿಯುತ್ತದೆ. ಅಪ್ಪ ಮಗನ ನಡುವಿನ ಪ್ರೀತಿಯ ಬಗ್ಗೆ ಅಲ್ಲಿ ಬೇರೆ ಮಾತು ಬೇಕಾಗಿಲ್ಲ.

ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮೊದಲೇ ಒಪ್ಪಿಗೆ ಕೇಳಿ. ಕಡತಕ್ಕೆ ದಿನಾಂಕ ಮತ್ತು ನಂಟಿನ ಹೆಸರಿಡಿ, ಪ್ರತಿಯೊಂದನ್ನು ಬೇರೆ ಕಡೆಯೂ ಉಳಿಸಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕೈದು ಗಂಟೆ ಬೇಕಾಗುತ್ತದೆ. ಆಡುಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ನಿಲುಗಡೆಗಳನ್ನೂ ಗುರುತು ಹಾಕಿಕೊಳ್ಳಿ. ಕಾಗದಪತ್ರ, ಶಾಲೆಯ ದಾಖಲೆ, ಅಂಚೆ ಮುದ್ರೆ, ಫೋಟೋ ಹಿಂಬದಿಯ ಬರಹ ಇವುಗಳಿಂದ ಒಂದು ಕಾಲಪಟ್ಟಿ ಮಾಡಿ. ನೆನಪಿಗೂ ಕಾಗದಕ್ಕೂ ತಾಳೆಯಾಗದ ಕಡೆ ಎರಡನ್ನೂ ಇಟ್ಟುಕೊಳ್ಳಿ, ಒಂದನ್ನು ಗೆಲ್ಲಿಸುವ ಅವಸರ ಬೇಡ.

ಹಂತ 4: ಎರಡು ಕಾಲಮ್ಮಿನ ನೋಟುಬುಕ್ಕು

ಇಡೀ ಕೆಲಸದ ಹೃದಯ ಈ ಹಂತ. ಹಾಳೆಯ ಎಡಕ್ಕೆ ಹಂತ 2ರ ಕ್ರಿಯೆಗಳು, ಬಲಕ್ಕೆ ಹಂತ 3ರ ವಿವರಗಳು. ನಡುವೆ ಗೆರೆ ಎಳೆದು ಪ್ರತಿ ಸಾಲಿಗೂ ಒಂದು ಗುರುತು ಹಾಕಿ: ಹೊಂದುತ್ತದೆ, ಅರ್ಧ ಹೊಂದುತ್ತದೆ, ಹೊಂದುವುದಿಲ್ಲ.

ಒಂದು ಕಲ್ಪಿತ ಮನೆಯನ್ನು ತೆಗೆದುಕೊಳ್ಳೋಣ. ಅಜ್ಜಿ ನಡುವಯಸ್ಸಿನಲ್ಲಿ ಮೂರು ವರ್ಷ ಮನೆಯಲ್ಲಿರಲಿಲ್ಲ. ಆ ಬಗ್ಗೆ ಯಾರೂ ಮಾತಾಡುವುದಿಲ್ಲ. ಆಲ್ಬಮ್ಮಿನ ಒಂಬತ್ತನೇ ಹಾಳೆಯಲ್ಲಿ ಫೋಟೋ ಕಿತ್ತ ಗುರುತಿದೆ. ಅಪ್ಪ ಆ ಹಾಳೆಯನ್ನು ಯಾವಾಗಲೂ ದಾಟಿಸಿ ಮಗುಚುತ್ತಿದ್ದರು.

ಮೊದಲ ಸಾಲು: ರಾಮ ಮಂಥರೆಯ ಚಿತ್ರವನ್ನು ದಾಟುತ್ತಾನೆ, ಅಪ್ಪ ಒಂಬತ್ತನೇ ಹಾಳೆಯನ್ನು ದಾಟುತ್ತಾರೆ. ಹೊಂದುತ್ತದೆ. ಎರಡನೆಯದು: ಲಕ್ಷ್ಮಣ ಅದನ್ನು ಗಮನಿಸುತ್ತಾನೆ, ಮನೆಯಲ್ಲಿ ಅತ್ತೆ ಗಮನಿಸಿದ್ದಿರಬಹುದು, ಅವರು ಹೇಳಿಲ್ಲ. ಅರ್ಧ. ಮೂರನೆಯದು: ನಾಟಕದಲ್ಲಿ ಸೀತೆ ಪಕ್ಕದಲ್ಲೇ ಇದ್ದಾಳೆ, ಬೆರಳಿಟ್ಟು ಇವಳು ಯಾರು ಎಂದು ಕೇಳಬಲ್ಲಳು. ಮನೆಯಲ್ಲಿ ಆಲ್ಬಮ್ ತೆರೆಯುತ್ತಿದ್ದುದು ಅಜ್ಜಿ ಇಲ್ಲದಾಗ ಮಾತ್ರ. ಹೊಂದುವುದಿಲ್ಲ. ನಾಲ್ಕನೆಯದು: ರಾಮ ದಾಟಿಸಿದ್ದು ತನ್ನ ನೋವನ್ನು, ಅಪ್ಪ ದಾಟಿಸಿದ್ದು ಇನ್ನೊಬ್ಬರ ಮೂರು ವರ್ಷಗಳನ್ನು. ಇದೂ ಹೊಂದುವುದಿಲ್ಲ.

ಮೂರು ಮತ್ತು ನಾಲ್ಕನೇ ಸಾಲುಗಳೇ ನಿಮ್ಮ ಪ್ರಬಂಧ. ಮೊದಲ ಸಾಲು ಓದುಗರನ್ನು ಒಳಕ್ಕೆ ಕರೆತರುವ ಬಾಗಿಲು ಅಷ್ಟೇ. ಚಿತ್ರದಲ್ಲಿರುವವಳು ಚಿತ್ರ ನೋಡುವಾಗ ಇರಬೇಕಿತ್ತು ಎಂಬ ಅರಿವು ಭವಭೂತಿಯ ದೃಶ್ಯ ಪಕ್ಕದಲ್ಲಿಲ್ಲದೆ ಅಷ್ಟು ಚೂಪಾಗಿ ಮೂಡುತ್ತಿರಲಿಲ್ಲ. ಕಾವ್ಯ ಹೀಗೆ ದುಡಿಯಬೇಕು.

ನೋಟುಬುಕ್ಕಿನಲ್ಲಿ 25 ಸಾಲುಗಳಾದರೂ ಆಗುವ ತನಕ ಬರೆಯಲು ಕೂರಬೇಡಿ. ಎಲ್ಲ ಸಾಲುಗಳೂ "ಹೊಂದುತ್ತದೆ" ಎಂದಾದರೆ ನೀವು ಮನೆಯವರ ನೆನಪನ್ನು ಬಗ್ಗಿಸಿದ್ದೀರಿ, ಧ್ವನಿಮುದ್ರಣಗಳನ್ನು ಮತ್ತೆ ಕೇಳಿ. ಯಾವುದೂ ಹೊಂದದಿದ್ದರೆ ಕೃತಿಯ ಆಯ್ಕೆ ತಪ್ಪಿದೆ, ಬೇರೊಂದನ್ನು ಹುಡುಕಿ.

ಹಂತ 5: ಆಕಾರ

ಕಟ್ಟುವ ಬಗೆಗೆ ಹಳೆಯ ಕವಿಗಳೇ ಮಾದರಿ. ರನ್ನ ಗದಾಯುದ್ಧದಲ್ಲಿ ಇಡೀ ಭಾರತವನ್ನು ಮೊದಲಿನಿಂದ ಹೇಳುವುದಿಲ್ಲ. ಯುದ್ಧದ ಕೊನೆಗೆ ಬಂದು ನಿಂತು, ಸಿಂಹ ಹಿಂತಿರುಗಿ ನೋಡುವಂತೆ ಹಿಂದಿನದನ್ನು ಕಾಣಿಸುತ್ತಾನೆ. ಅದಕ್ಕೆ ಸಿಂಹಾವಲೋಕನ ಕ್ರಮ ಎಂದೇ ಹೆಸರು. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರ ಶವದ ಮುಂದೆಯೂ ನಿಲ್ಲುತ್ತಾನೆ, ಪ್ರತಿ ಶವವೂ ಒಂದು ಹಳೆಯ ಕಥೆಯನ್ನು ತೆರೆಯುತ್ತದೆ. ದುಶ್ಶಾಸನನ ಮುಂದೆ ಅವನಾಡುವ ಮಾತನ್ನು ಒಮ್ಮೆ ಓದಿದವರು ಮರೆಯುವುದಿಲ್ಲ: ತಾಯಿಯ ಹಾಲನ್ನು ಮೊದಲು ಉಂಡವನು ನಾನು, ಆಮೇಲೆ ನೀನು. ಎಲ್ಲದರಲ್ಲೂ ಆ ಕ್ರಮ ನಡೆಯಿತು, ಸಾವಿನಲ್ಲಿ ಮಾತ್ರ ತಪ್ಪಿತು. ಒಂದು ಕೊನೆಯ ದಿನ, ಒಂದು ನಡಿಗೆ, ನಡುವೆ ನಿಲುಗಡೆಗಳು. ಖಾಲಿಯಾಗುತ್ತಿರುವ ಮನೆಯ ಕೋಣೆಕೋಣೆ ನಡೆಯುವ ಬರಹಕ್ಕೆ ಇದನ್ನೇ ಹಿಡಿಯಬಹುದು. 4,000 ಪದಕ್ಕೆ ಐದು ನಿಲುಗಡೆ ಸಾಕು, ಏಳಕ್ಕಿಂತ ಹೆಚ್ಚಾದರೆ ಪಟ್ಟಿಯಾಗುತ್ತದೆ.

ಇನ್ನೊಂದು ಮಾದರಿ ಒಡಿಸ್ಸಿಯ 19ನೇ ಭಾಗದ್ದು. ಮುದಿ ದಾದಿ ಯೂರಿಕ್ಲಿಯಾ ಅಪರಿಚಿತನಂತೆ ವೇಷ ಮರೆಸಿಕೊಂಡ ಒಡಿಸ್ಸಿಯಸ್‌ನ ಕಾಲು ತೊಳೆಯುತ್ತಿದ್ದಾಳೆ, ಕೈಗೆ ಗಾಯದ ಗುರುತು ತಾಗುತ್ತದೆ. ಆ ಕ್ಷಣಕ್ಕೇ ಹೋಮರ್ ಕಥೆ ನಿಲ್ಲಿಸಿ, 70ಕ್ಕೂ ಹೆಚ್ಚು ಸಾಲುಗಳಲ್ಲಿ ಆ ಗಾಯವಾದ ಹಂದಿ ಬೇಟೆಯನ್ನೂ ಒಡಿಸ್ಸಿಯಸ್‌ಗೆ ಹೆಸರಿಟ್ಟ ತಾಯಿಯ ತಂದೆಯನ್ನೂ ಹೇಳಿ, ಮತ್ತೆ ಅದೇ ಕೈ, ಅದೇ ಕಾಲಿಗೆ ಮರಳುತ್ತಾನೆ. ಕಾಲು ಜಾರುತ್ತದೆ, ಪಾತ್ರೆ ಮಗುಚಿ ನೀರು ಚೆಲ್ಲುತ್ತದೆ. ಈ ಬಗೆಯಲ್ಲಿ ಬರೆಯುವುದಾದರೆ ಹೊರಟ ವಸ್ತುವಿಗೇ, ಸಾಧ್ಯವಾದರೆ ಹೊರಟ ಪದಕ್ಕೇ, ಮರಳಬೇಕು. ಹೊರಳುದಾರಿ 600 ಪದ ದಾಟಿದರೆ ಓದುಗರಿಗೆ ಕಾಲು ತೊಳೆಯುತ್ತಿದ್ದವಳು ಮರೆತುಹೋಗುತ್ತಾಳೆ.

ಒಂದು ಅಧ್ಯಾಯ ಮನೆ, ಒಂದು ಅಧ್ಯಾಯ ಕಾವ್ಯ ಎಂದು ಹೆಣೆಯುವುದು ಸುಲಭವೆನಿಸುತ್ತದೆ. ಆದರೆ ಓದುಗರು ಒಂದನ್ನು ಬಿಟ್ಟು ಇನ್ನೊಂದನ್ನೇ ಓದಿಕೊಂಡು ಹೋಗುತ್ತಾರೆ. ಮೊದಲ ಬರಹಕ್ಕೆ ಇದನ್ನು ಹಿಡಿಯದಿರುವುದೇ ಒಳ್ಳೆಯದು.

ಹಂತ 6: ಬರೆಯುವುದು

ಮೊದಲು ಪ್ರಮಾಣ ಗೊತ್ತಿರಲಿ. 4,000 ಪದಗಳಲ್ಲಿ ಕಾವ್ಯಕ್ಕೆ 1,000, ಹೆಚ್ಚೆಂದರೆ 1,200. ಕಾವ್ಯ ಮೊದಲ 600 ಪದಗಳೊಳಗೆ ಒಮ್ಮೆ ಕಾಣಿಸಿಕೊಳ್ಳಲಿ, ಆಮೇಲೆ ಮೂರೋ ನಾಲ್ಕೋ ಸಲ ಬರಲಿ. ಪ್ರತಿ ಸಲವೂ ಸನ್ನಿವೇಶದ ಹೊಸ ವಿವರವನ್ನು ತರಬೇಕು, ಹೇಳಿದ್ದನ್ನೇ ಮತ್ತೆ ಹೇಳಬಾರದು. ಮೂಲದ ಉಲ್ಲೇಖ ಒಟ್ಟು 12 ಸಾಲು ದಾಟದಿರಲಿ. ಹಳಗನ್ನಡದ ಸಾಲು ಕೊಟ್ಟರೆ ಅರ್ಥವನ್ನು ಅಡಿಟಿಪ್ಪಣಿಗೆ ತಳ್ಳದೆ, ಮುಂದಿನ ವಾಕ್ಯದಲ್ಲೇ ನಿಮ್ಮ ಮಾತಿನಲ್ಲಿ ಹೇಳಿ. ಬೇರೆಯವರ ಅನುವಾದವನ್ನು ಬಳಸಿದರೆ ಅನುವಾದಕರ ಹೆಸರು ಹೇಳಬೇಕು, ಹಕ್ಕಿನ ವಿಚಾರವನ್ನೂ ನೋಡಿಕೊಳ್ಳಬೇಕು. ಕಾವ್ಯ ಹಳೆಯದಾದರೂ ಅನುವಾದ ಹಳೆಯದಲ್ಲ.

ಕಥೆ ಗೊತ್ತಿಲ್ಲದವರಿಗೆ ಹಿನ್ನೆಲೆಯನ್ನು ಮೂರು ವಾಕ್ಯಗಳಲ್ಲಿ ಮುಗಿಸಿ. ಮೂರರಲ್ಲಿ ಮುಗಿಯದಿದ್ದರೆ ಸನ್ನಿವೇಶವನ್ನು ಅಗತ್ಯಕ್ಕಿಂತ ದೊಡ್ಡದಾಗಿ ಆರಿಸಿದ್ದೀರಿ.

ಈಗ ಅದೇ ಕಲ್ಪಿತ ಮನೆಯ ಎರಡು ಕರಡು. ಮೊದಲನೆಯದು ಹೀಗಿದೆ ಎನ್ನೋಣ:

"ಅಜ್ಜಿ ಥೇಟ್ ಸೀತೆಯ ಹಾಗೆ ಎಲ್ಲವನ್ನೂ ಸಹಿಸಿದರು. ಅವರಿಗೂ ಮೂರು ವರ್ಷದ ವನವಾಸ ತಪ್ಪಲಿಲ್ಲ. ಯುಗಗಳು ಕಳೆದರೂ ಹೆಣ್ಣಿನ ಪಾಡು ಬದಲಾಗಿಲ್ಲ."

ಮೂರು ವಾಕ್ಯದಲ್ಲಿ ಮೂರು ತಪ್ಪು. "ಥೇಟ್" ಎಂಬ ಪದ ಹೋಲಿಕೆಯನ್ನು ಮುಗಿಸಿಬಿಟ್ಟಿತು, ನೋಡುವುದಕ್ಕೆ ಏನೂ ಉಳಿಯಲಿಲ್ಲ. "ವನವಾಸ" ಎಂಬ ಸಿದ್ಧ ರೂಪಕ ಆ ಮೂರು ವರ್ಷಗಳಲ್ಲಿ ನಿಜಕ್ಕೂ ಏನಾಯಿತು ಎಂಬ ಪ್ರಶ್ನೆಯನ್ನು ಮುಚ್ಚಿತು. ಅಜ್ಜಿ ತಾವಾಗಿಯೇ ಇಷ್ಟಪಟ್ಟು ಹೋಗಿದ್ದಿರಬಹುದಲ್ಲ. ಮೂರನೇ ವಾಕ್ಯದಲ್ಲಿ ಅಜ್ಜಿಯೇ ಇಲ್ಲ. ಎರಡನೇ ಕರಡು:

"ಒಂಬತ್ತನೇ ಹಾಳೆಯಲ್ಲಿ ಅಂಟಿನ ನಾಲ್ಕು ಕಲೆಗಳಿವೆ, ಫೋಟೋ ಇಲ್ಲ. ಅಪ್ಪ ಆ ಹಾಳೆಯನ್ನು ಹತ್ತನೆಯದರ ಜೊತೆ ಸೇರಿಸಿ ಹಿಡಿದು ಮಗುಚುತ್ತಿದ್ದರು. ಭವಭೂತಿಯ ನಾಟಕದಲ್ಲಿ ಮಂಥರೆಯ ಚಿತ್ರ ಬಂದಾಗ ರಾಮನೂ ಹೀಗೆಯೇ ಬೇರೆ ಕಡೆ ಕೈ ತೋರಿಸುತ್ತಾನೆ. ಪಕ್ಕದಲ್ಲಿ ಸೀತೆ ಇರುತ್ತಾಳೆ. ನಮ್ಮಲ್ಲಿ ಆಲ್ಬಮ್ ಕಪಾಟಿನಿಂದ ಹೊರಬರುತ್ತಿದ್ದುದು ಅಜ್ಜಿ ಮಲಗಿದ ಮೇಲೆ."

ಇಲ್ಲಿ ಕಾವ್ಯ ಎರಡೇ ವಾಕ್ಯ. ಕೊನೆಯ ವಾಕ್ಯ ಮನೆಯದು. ಅನ್ಯಾಯ ಎಂಬ ಪದ ಎಲ್ಲೂ ಇಲ್ಲ. ಕಾವ್ಯದಿಂದ ಮನೆಗೆ ದಾಟುವಾಗ "ಅದೇ ರೀತಿ", "ಇದನ್ನು ನೋಡಿದರೆ ನೆನಪಾಗುತ್ತದೆ" ಎಂಬ ಸೇತುವೆಗಳನ್ನು ಅಳಿಸಿ. ಎರಡೂ ಕಡೆ ಒಂದೇ ಕ್ರಿಯೆ ಇದ್ದರೆ ಓದುಗರು ತಾವೇ ದಾಟುತ್ತಾರೆ. ಕಾವ್ಯದ ಘಟನೆಗೆ ವರ್ತಮಾನ ಕಾಲವನ್ನೂ ಮನೆಯ ಘಟನೆಗೆ ಭೂತಕಾಲವನ್ನೂ ಇಟ್ಟುಕೊಂಡರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ: ರಾಮ ತೋರಿಸುತ್ತಾನೆ, ಅಪ್ಪ ಮಗುಚುತ್ತಿದ್ದರು.

ಎಲ್ಲಿ ಕೆಡುತ್ತದೆ

ಅತಿ ದೊಡ್ಡ ಅಪಾಯ ಆರೋಪಣೆ. ಮನೆಯವರೊಬ್ಬರನ್ನು ಒಂದು ಪಾತ್ರಕ್ಕೆ ಪೂರ್ತಿ ಅಂಟಿಸಿದರೆ ಎರಡರಲ್ಲೊಂದು ಬಾಗಲೇಬೇಕು. ಪಂಪನಷ್ಟು ದೊಡ್ಡ ಕವಿಗೂ ಇದು ತಪ್ಪಲಿಲ್ಲ. 10ನೇ ಶತಮಾನದ ವಿಕ್ರಮಾರ್ಜುನ ವಿಜಯದಲ್ಲಿ ಅವನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿದ. ಹಾಗೆ ಮಾಡಿದ ಮೇಲೆ ದ್ರೌಪದಿ ಐವರ ಹೆಂಡತಿಯಾಗುವಂತಿಲ್ಲ, ಅರ್ಜುನನೊಬ್ಬನನ್ನೇ ವರಿಸುತ್ತಾಳೆ. ಕೊನೆಯಲ್ಲಿ ಪಟ್ಟ ಕಟ್ಟುವುದೂ ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ದ್ರೌಪದಿಗೆ ಆ ಜಾಗ ಸಿಗುವುದಿಲ್ಲ. ಪಂಪನ ಕೈಯಲ್ಲಿ ಬಾಗಿದ್ದು ಕಾವ್ಯ. ಆತ್ಮಕಥನದಲ್ಲಿ ಬಾಗುವುದು ಬಹುಪಾಲು ಮನುಷ್ಯರು. ಅಮ್ಮ ಗಾಂಧಾರಿಯಾದ ಕ್ಷಣದಿಂದ ಅವರು ನಕ್ಕ ದಿನಗಳೆಲ್ಲ ಕರಡಿನಿಂದ ಜಾರತೊಡಗುತ್ತವೆ. ಪರಿಹಾರ ಒಂದಿದೆ: ಪಾತ್ರಕ್ಕೆ ಪಾತ್ರ ಜೋಡಿಸಬೇಡಿ, ಕ್ರಿಯೆಗೆ ಕ್ರಿಯೆ ಜೋಡಿಸಿ. ಅಪ್ಪ ರಾಮನಲ್ಲ, ಒಂದು ಹಾಳೆಯ ಮಟ್ಟಿಗೆ ರಾಮನ ಕೈಚಲನೆ ಅವರಲ್ಲಿತ್ತು.

ಎರಡನೆಯದು, ಕಾವ್ಯವನ್ನು ತೀರ್ಪಾಗಿ ಬಳಸುವುದು. ವಿವಾದ ಬಿಗಿಯಾದ ಕಡೆ ಒಂದು ಪದ್ಯ ಹಾಕಿ ಪಾರಾಗುವ ಆಸೆ ಎಲ್ಲರಿಗೂ ಬರುತ್ತದೆ, ಸುಂದರವಾದ ಸಾಲು ಉತ್ತರದಂತೆ ಕೇಳಿಸುತ್ತದೆ ನೋಡಿ. ಪ್ರತಿ ಉಲ್ಲೇಖದ ನಂತರದ ವಾಕ್ಯ ಪರೀಕ್ಷಿಸಿ. ಅದು ಹೊಸ ಪ್ರಶ್ನೆಗೆ ಅಥವಾ ಹೊಸ ವಿವರಕ್ಕೆ ಹೋಗಿರಬೇಕು.

ಮೂರನೆಯದು, ಓದಿದವರ ದನಿ ಓದದವರ ದನಿಯನ್ನು ನುಂಗುವುದು. ಮನೆಯ ಹಿರಿಯರು ಕಥೆಯನ್ನು ಬೇರೆಯಾಗಿ ಹೇಳಿದ್ದರೆ "ಆದರೆ ಮೂಲದಲ್ಲಿ ಹೀಗಿದೆ" ಎಂದು ಮುಗಿಸಬೇಡಿ. ಕಾಳಿದಾಸನೇ ಮೂಲ ಬದಲಿಸಿದವನು. ಅಜ್ಜಿಯ ಪಾಠವೂ ಒಂದು ಪಾಠವೇ.

ಹಂತ 7: ಬದುಕಿರುವವರು, ಇಲ್ಲದವರು

ಕುಂತಿ ಸತ್ಯ ಹೇಳಿದ ಮೇಲೆ ಧರ್ಮರಾಯ ಸಮಾಧಾನಪಡುವುದಿಲ್ಲ. ಇನ್ನು ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ ಎಂದು ಶಪಿಸುತ್ತಾನೆ. ಮನೆಯ ಗುಟ್ಟು ಬರೆಯುವವರು ಆ ಸಿಟ್ಟನ್ನು ಲೆಕ್ಕಕ್ಕೆ ಹಿಡಿದಿರಬೇಕು. ಬರಹದಲ್ಲಿ ಬರುವ, ಬದುಕಿರುವ ಪ್ರತಿಯೊಬ್ಬರಿಗೂ ಅವರಿಗೆ ಸಂಬಂಧಿಸಿದ ಭಾಗವನ್ನು ಪ್ರಕಟಣೆಗೆ ಎರಡು ತಿಂಗಳು ಮೊದಲೇ ಓದಲು ಕೊಡಿ. ತಪ್ಪು ಸಂಗತಿಯಿದ್ದರೆ ತಿದ್ದಿ. ಅಭಿಪ್ರಾಯಭೇದವಿದ್ದರೆ ಅವರ ಮಾತನ್ನೂ ಬರಹದೊಳಗೆ ಸೇರಿಸಿ, ಬರಹ ಅದರಿಂದ ಬಲವಾಗುವುದೇ ಹೆಚ್ಚು. ಮಕ್ಕಳ, ರೋಗಿಗಳ ವಿಷಯದಲ್ಲಿ ಬೇಡವೆಂದರೆ ಬೇಡವೇ.

ಕಲ್ಪಿಸಿಕೊಂಡದ್ದನ್ನು ಕಲ್ಪನೆಯೆಂದು ಗುರುತಿಸಿ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಸಾಧನಗಳಿವೆ: ಇದ್ದಿರಬಹುದು, ಅಂತೆ, ಎಂದು ಅತ್ತೆ ಹೇಳುತ್ತಿದ್ದರು. "ಅಜ್ಜಿ ಹೊರಟರಂತೆ" ಎಂಬ ಒಂದೇ ಪ್ರತ್ಯಯ ನೀವು ಅಲ್ಲಿರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತದೆ. ಕಾವ್ಯದ ಮಾತನ್ನು ಸತ್ತವರ ಬಾಯಿಗೆ ತುರುಕುವುದು ಮಾತ್ರ ಯಾವ ಪ್ರತ್ಯಯದಿಂದಲೂ ಸರಿಹೋಗುವುದಿಲ್ಲ.

ಹಂತ 8: ತಿದ್ದುವುದು

ಕರಡನ್ನು ಹತ್ತು ದಿನ ಮುಟ್ಟಬೇಡಿ. ಆಮೇಲೆ ಎರಡು ಬಣ್ಣದ ಪೆನ್ಸಿಲ್ ತೆಗೆದುಕೊಂಡು ಮನೆಯ ವಾಕ್ಯಗಳಿಗೆ ಒಂದು, ಕಾವ್ಯದ ವಾಕ್ಯಗಳಿಗೆ ಇನ್ನೊಂದು ಗೆರೆ ಹಾಕಿ. ಒಂದೇ ಬಣ್ಣ ಎರಡು ಪುಟ ಎಡೆಬಿಡದೆ ಬಂದರೆ ಅಲ್ಲಿ ನೇಯ್ಗೆ ಬಿಟ್ಟುಹೋಗಿದೆ. ಯಾವ ಬಣ್ಣವೂ ಬೀಳದ ವಾಕ್ಯಗಳೂ ಸಿಗುತ್ತವೆ: ಬದುಕು, ಕಾಲ, ಸಂಬಂಧಗಳ ಬಗೆಗಿನ ಸಾಮಾನ್ಯ ಮಾತುಗಳು. ಅವುಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಹೊಡೆದುಹಾಕಬಹುದು.

ಇನ್ನೊಂದು ಪರೀಕ್ಷೆ. ಕಾವ್ಯದ ಭಾಗಗಳನ್ನೆಲ್ಲ ಕತ್ತರಿಸಿ ಉಳಿದದ್ದನ್ನು ಓದಿ. ಏನೂ ಕಳೆದಂತೆ ಅನಿಸದಿದ್ದರೆ ಕಾವ್ಯ ಒಡವೆಯಾಗಿತ್ತು ಅಷ್ಟೇ, ನೋಟುಬುಕ್ಕಿಗೆ ಮರಳಿ "ಹೊಂದುವುದಿಲ್ಲ" ಎಂದ ಸಾಲುಗಳನ್ನು ಮತ್ತೆ ನೋಡಿ. ಮನೆಯ ಭಾಗ ಕತ್ತರಿಸಿದರೂ ಬರಹ ನಿಂತರೆ ನೀವು ಬರೆದದ್ದು ವಿಮರ್ಶೆ. ಕೊನೆಗೆ ಇಡೀ ಬರಹವನ್ನು ಮನೆಯವರೊಬ್ಬರ ಮುಂದೆ ಗಟ್ಟಿಯಾಗಿ ಓದಿ. ಅವರು ಎಲ್ಲಿ ನಡುವೆ ಬಾಯಿ ಹಾಕುತ್ತಾರೋ ಅಲ್ಲಿ ಗುರುತು ಹಾಕಿಕೊಳ್ಳಿ.

ಮುಕ್ತಾಯವನ್ನು ಕಾವ್ಯದ ಸಾಲಿಗೆ ಬಿಟ್ಟುಕೊಡಬೇಡಿ. ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ವ್ಯಾಸ ಯುದ್ಧದಲ್ಲಿ ಸತ್ತವರನ್ನೆಲ್ಲ ಒಂದು ರಾತ್ರಿಯ ಮಟ್ಟಿಗೆ ಗಂಗೆಯೊಳಗಿಂದ ಎಬ್ಬಿಸಿ ಉಳಿದವರಿಗೆ ತೋರಿಸುತ್ತಾನೆ. ಅಷ್ಟು ದೊಡ್ಡ ದೃಶ್ಯವನ್ನು ಕೇಳಿದ ಜನಮೇಜಯ ಅದನ್ನು ಹೊಗಳಿ ಸುಮ್ಮನಾಗುವುದಿಲ್ಲ. ಹಾಗಾದರೆ ನನ್ನ ಅಪ್ಪನನ್ನೂ ತೋರಿಸಿ ಎನ್ನುತ್ತಾನೆ. ಪರೀಕ್ಷಿತ ಬರುತ್ತಾನೆ, ಸತ್ತಾಗ ಇದ್ದ ಅದೇ ವಯಸ್ಸು, ಅದೇ ರೂಪ. ನಿಮ್ಮ ಕೊನೆಯ ಪುಟದಲ್ಲಿ ಗಂಗೆಯ ದೃಶ್ಯ ಇದ್ದರೆ ಅದನ್ನು ಒಂದು ಪುಟ ಹಿಂದಕ್ಕೆ ಸರಿಸಿ, ಆ ಜಾಗಕ್ಕೆ ಕಾಲಪಟ್ಟಿಯಿಂದ ಒಂದು ದಿನ, ಮಾತುಕತೆಯಿಂದ ಒಂದು ವಾಕ್ಯ ಅಥವಾ ಆಲ್ಬಮ್ಮಿನಿಂದ ಒಂದು ಹಾಳೆಯನ್ನು ತನ್ನಿ.